ಎರಡು ಕಂಪ್ಯೂಟರು, ಒಂದೇ ಪುಸ್ತಕ

ಪ್ರೆಸ್ಸಿನಲ್ಲಿ ಎಲ್ಲರೂ ಆಕೆಯನ್ನು ಪುಟದಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸತರಲ್ಲಿ ಟೈಪು ಮಾಡಲು ಸೇರಿದವಳು, ಕ್ರಮೇಣ ಅಕ್ಷರ, ಚಿತ್ರಗಳನ್ನು ಜೋಡಿಸಿ ಪುಟ ಕಟ್ಟುವುದನ್ನು ಕಲಿತು, ಆ ಕುರ್ಚಿಯಲ್ಲೇ ಕೂದಲು ಹಣ್ಣು ಮಾಡಿಕೊಂಡಿದ್ದಳು. ಬಲಗೈ ಭುಜದ ನೋವು ಈಗ ಮನೆಯ ನೆಂಟನ ಹಾಗೆ ಬಂದು ಉಳಿದೇಬಿಟ್ಟಿತ್ತು.

ಹಳೆಯ ಯಜಮಾನರು ತೀರಿಕೊಂಡ ಮೇಲೆ ಪ್ರೆಸ್ಸು ಅವರ ಇಬ್ಬರು ಗಂಡುಮಕ್ಕಳ ಕೈಗೆ ಬಂತು. ದೊಡ್ಡವನಿಗೆ ಅಪ್ಪನ ಕಾಲದ ಕಂಪ್ಯೂಟರೇ ಸಾಕು. ಚಿಕ್ಕವನು ಬೇರೆಯದೇ ಆಪರೇಟಿಂಗ್ ಸಿಸ್ಟಮ್ ಇದ್ದ ಹೊಸದೊಂದನ್ನು ತಂದು ಅದರ ಪಕ್ಕದಲ್ಲೇ ಇಟ್ಟ. ಪುಟ ಕಟ್ಟುವ ಸಾಫ್ಟ್‌ವೇರ್ ಎರಡರಲ್ಲೂ ಒಂದೇ. ಯಾವುದರಲ್ಲಿ ಕೆಲಸ ಚೆನ್ನಾಗಿ ಸಾಗುತ್ತದೆ ಎಂಬ ಮಾತಿನಲ್ಲಿ ಅಣ್ಣತಮ್ಮಂದಿರ ಹಳೆಯ ಜಟಾಪಟಿಗಳೆಲ್ಲ ಸೇರಿಕೊಂಡವು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ವಿಷಯಕ್ಕೆ: ಪುಟದಕ್ಕ ಒಂದೇ ಪುಸ್ತಕವನ್ನು ಎರಡರಲ್ಲೂ ಕಟ್ಟಿ ನೋಡಿ ಹೇಳಲಿ.

ಪುಸ್ತಕ ದಾದಿಯರ ತರಬೇತಿಯದು, ಮೈತುಂಬ ಚಿತ್ರಗಳು, ಔಷಧಿಯ ಪಟ್ಟಿಗಳು. ಹಳೆಯ ಕಂಪ್ಯೂಟರು ಪ್ರತಿ ಚಿತ್ರಕ್ಕೂ ಏದುಸಿರು ಬಿಡುತ್ತಿತ್ತು. ಅವಳು ಎದ್ದು ನೀರು ಕುಡಿದು ಬಂದರೂ ಪುಟ ಅರ್ಧವೇ ಮೂಡಿರುತ್ತಿತ್ತು. ಹೊಸದರಲ್ಲಿ ಬೆರಳು ಒತ್ತುವುದೇ ತಡ, ಪುಟ ಕಣ್ಣೆದುರಿಗೆ. ಹೊಸದೇ ಗೆಲ್ಲಲಿ ಎಂದು ಅವಳ ಭುಜ ಒಳಗೊಳಗೇ ಹಾರೈಸಿತು.

ಮನೆಯಲ್ಲಿ ಅತ್ತೆ ಕೇಳಿದರು, "ಯಾವ್ದು ಗೆಲ್ತಾ ಇದೆ ಕಣೇ?"

"ಅದು ಗೊತ್ತಿಲ್ಲ ಅತ್ತೆ. ನಾನಂತೂ ಸೋತೆ."

"ಸೋತೋರು ಬೇಗ ಮಲಗ್ಬೇಕು," ಎಂದು ಅತ್ತೆ ತಾವೇ ಪಾತ್ರೆ ತೊಳೆಯಲು ಎದ್ದರು.

ಕೊನೆಯ ತಿದ್ದುಪಡಿಯ ದಿನ ನಿದ್ದೆಯಿಂದ ಅವಳ ಕಣ್ಣು ಎಳೆಯುತ್ತಿತ್ತು. ಹೊಸದರ ಪುಟಗಳನ್ನು ನೋಡದೆಯೇ ಅಚ್ಚಿಗೆ ಕಳಿಸಿಬಿಡೋಣ ಎನಿಸಿತು. ಆದರೂ ಮನಸ್ಸು ಒಪ್ಪದೆ ಒಂದೊಂದೇ ಪುಟ ನೋಡಿದಳು. ಒಂದು ಔಷಧಿಯ ಪಟ್ಟಿಯ ಕೆಳತುದಿ ಯಾಕೋ ಬೋಳಾಗಿ ಕಂಡಿತು. ಹಳೆಯ ಕಂಪ್ಯೂಟರಿನ ಪ್ರತಿಯ ಜೊತೆ ಹೋಲಿಸಿದಳು. ಹೊಸ ಸಿಸ್ಟಮ್‌ನಲ್ಲಿ ಆ ಪಟ್ಟಿಗೆ ಬಳಸಿದ್ದ ಅಕ್ಷರಶೈಲಿಯ ಫಾಂಟು ಇಲ್ಲದೆ, ಅದು ತನ್ನಷ್ಟಕ್ಕೆ ಬೇರೊಂದನ್ನು ಹಾಕಿಕೊಂಡಿತ್ತು. ಅಕ್ಷರಗಳು ಕೂದಲೆಳೆಯಷ್ಟು ಹೆಚ್ಚು ಅಗಲವಾಗಿ, ಕೊನೆಯ ಸಾಲು ಚೌಕಟ್ಟಿನೊಳಗೆ ಹಿಡಿಸದೆ ಕಾಣೆಯಾಗಿತ್ತು. ಕೂಸುಗಳಿಗೆ ಎಷ್ಟು ಔಷಧಿ ಕೊಡಬೇಕೆಂಬ ಸಾಲು ಅದು.

ಅವಳು ಇಬ್ಬರನ್ನೂ ಕರೆದು ತೋರಿಸಿದಳು. ಚಿಕ್ಕವನ ಮುಖ ಸಣ್ಣಗಾಯಿತು. "ಒಂದು ಸಾಲಿಗೆ ಇಷ್ಟು ರಾದ್ಧಾಂತವಾ ಅಕ್ಕ? ಫಾಂಟು ಹಾಕಿದ್ರೆ ಸರಿಹೋಗತ್ತೆ."

"ನಾನು ಮೊದಲೇ ಹೇಳಿರ್ಲಿಲ್ವಾ," ಎಂದು ದೊಡ್ಡವನು ಮೀಸೆಯಡಿ ನಕ್ಕ.

ಪುಟದಕ್ಕನಿಗೆ ಇಬ್ಬರ ಮೇಲೂ ಬೇಸರ ಬಂತು. "ಗೆದ್ದೋರು ಯಾರೂ ಇಲ್ಲ ಸಾರ್. ಇದು ಬೇಗ ಮಾಡತ್ತೆ, ಸಾಲು ನುಂಗತ್ತೆ. ಅದು ಸಾಲು ಉಳಿಸತ್ತೆ, ನನ್ನ ಜೀವ ನುಂಗತ್ತೆ. ಫಾಂಟು ಹಾಕ್ಸಿ, ಹೊಸದನ್ನೇ ಇಟ್ಕೊಳ್ಳಿ. ಆದ್ರೆ ಹಳೇ ಪುಸ್ತಕ ಒಂದೊಂದನ್ನೂ ಇದಕ್ಕೆ ತರುವಾಗ ಸಾಲುಸಾಲು ಓದಿ ನೋಡ್ಬೇಕು. ಅದನ್ನ ಒಬ್ಬಳೇ ಮಾಡೋಕೆ ನನ್ ಕೈಲಾಗಲ್ಲ."

ಅಷ್ಟು ಉದ್ದದ ಮಾತು ಅವಳ ಬಾಯಿಂದ ಅವರು ಕೇಳಿದ್ದೇ ಇಲ್ಲ. ದೊಡ್ಡವನು "ಆಯ್ತು," ಎಂದ.

ದಾದಿಯರ ಪುಸ್ತಕ ಹಳೆಯ ಕಂಪ್ಯೂಟರಿನಿಂದಲೇ ಅಚ್ಚಿಗೆ ಹೋಯಿತು. ಆಮೇಲೆ ಹೊಸದಕ್ಕೆ ಫಾಂಟುಗಳು ಬಂದವು. ಮಧ್ಯಾಹ್ನದ ಹೊತ್ತು ಚಿಕ್ಕವನು ಹಳೆಯ ಪುಸ್ತಕ ಹಿಡಿದು ಗಟ್ಟಿಯಾಗಿ ಓದುತ್ತಿದ್ದ, ಅವಳು ಕಂಪ್ಯೂಟರಿನ ತೆರೆಯ ಮೇಲೆ ಬೆರಳಿಟ್ಟು ಸಾಲು ಹಿಂಬಾಲಿಸುತ್ತಿದ್ದಳು. ಮೊದಮೊದಲು ಮುಖ ಗಂಟಿಕ್ಕಿಕೊಂಡೇ ಓದಿದ. ಒಂದು ವ್ಯಾಕರಣದ ಪುಸ್ತಕದ ನಡುವೆ ಅವನ ದನಿ ಕಟ್ಟಿ, ಆಕಳಿಕೆ ಬಂದು, ಓದು ನಿಂತಿತು.

"ಒಂದು ಗಳಿಗೆ ಬಿಡೋಣ ಅಕ್ಕ," ಎಂದ.

ನಿಂತ ಸಾಲು ತಪ್ಪದಂತೆ ಅವಳು ತೆರೆಯಿಂದ ಬೆರಳು ತೆಗೆಯದೆ, ಎಡಗೈಯಿಂದ ಭುಜ ಒತ್ತಿಕೊಳ್ಳುತ್ತ ಕಣ್ಣು ಮುಚ್ಚಿದಳು. ಹೊರಗೆ ಅಚ್ಚಿನ ಯಂತ್ರ ಓಡುತ್ತಲೇ ಇತ್ತು.