ಎದುರು ಯಂತ್ರದವಳು

ಬೀದಿಯ ಜನ ಅವಳನ್ನು ಹೊಲಿಗೆಯಕ್ಕ ಎನ್ನುತ್ತಿದ್ದರು. ಹಳೆಯ ಕಟ್ಟಡದ ಮೆಟ್ಟಿಲು ಮುಗಿಯುವಲ್ಲಿ ಅವಳ ಕೋಣೆ. ಇರುವ ಒಂದೇ ಕಿಟಕಿಯ ಬೆಳಕನ್ನು ಹಂಚಿಕೊಂಡು ಎದುರುಬದುರು ನಿಂತ ಎರಡು, ಕಾಲಿನಲ್ಲಿ ತುಳಿಯುವ ಹೊಲಿಗೆಯಂತ್ರಗಳು. ಒಂದು ಅವಳದು, ಇನ್ನೊಂದು ಕಾಜಾದಮ್ಮನದು. ಗುಂಡಿ ತೂರಿಸುವ ಕಾಜಾಗಳನ್ನು ಅವಳಷ್ಟು ಒಪ್ಪವಾಗಿ ಹೊಲಿಯುವವರು ಯಾರೂ ಇರಲಿಲ್ಲ. ಅದಕ್ಕೇ ಆ ಹೆಸರು.

ಇಬ್ಬರ ದೇವರು ಬೇರೆ, ಮನೆಮಾತು ಬೇರೆ. ಸತ್ತವರನ್ನು ಹೊಲಿಗೆಯಕ್ಕನ ಕಡೆಯವರು ಸುಡುತ್ತಿದ್ದರು, ಕಾಜಾದಮ್ಮನ ಕಡೆಯವರು ಹೂಳುತ್ತಿದ್ದರು. ಜಗಳವೂ ಹೆಚ್ಚಾಗಿ ಸತ್ತವರ ಮೇಲೆಯೇ.

"ಹೇಳೋದು ಬಾಕಿ ಇದ್ರೆ ಸತ್ತೋರು ಎಲ್ಲೂ ಹೋಗಲ್ಲ ಕಣೇ. ಕೆಲಸದ ಜಾಗಕ್ಕೇ ಬಂದು ಕೂರ್ತಾರೆ," ಎನ್ನುತ್ತಿದ್ದಳು ಕಾಜಾದಮ್ಮ.

"ಬದುಕಿರೋರಿಗೇ ಇಲ್ಲಿ ಕಾಲು ಚಾಚೋಕೆ ಜಾಗ ಇಲ್ಲ, ಅವರೆಲ್ಲಿ ಕೂರ್ತಾರೆ?" ಎಂದು ಹೊಲಿಗೆಯಕ್ಕ ಒಮ್ಮೆ ಗೊಳ್ಳೆಂದು ನಕ್ಕುಬಿಟ್ಟಳು. ಕಾಜಾದಮ್ಮ ಗಂಡನನ್ನು ಕಳೆದುಕೊಂಡ ವರ್ಷ ಅದು. ಮುಖ ಸಣ್ಣದು ಮಾಡಿಕೊಂಡು ಎದ್ದು ಹೋದವಳು ಎಷ್ಟೋ ದಿನ ಬರಲಿಲ್ಲ. ಹೊಲಿಗೆಯಕ್ಕನೇ ಹೋಗಿ ಕರೆದಾಗ, "ಸತ್ತೋರು ಬರಲ್ಲ ಅನ್ನು, ಬೇಜಾರಿಲ್ಲ. ನಗಬೇಡ," ಎಂದಳು. ಆಮೇಲೆ ಇಪ್ಪತ್ತು ವರ್ಷ ವಾದ ನಡೆಯಿತು, ನಗು ನಡೆಯಲಿಲ್ಲ.

ಒಂದು ಮಧ್ಯಾಹ್ನ ಎದೆನೋವೆಂದು ಮನೆಗೆ ಹೋದ ಕಾಜಾದಮ್ಮ ಮತ್ತೆ ಮೆಟ್ಟಿಲು ಹತ್ತಲಿಲ್ಲ. ಬೂದುಬಣ್ಣದ ಕೋಟೊಂದರ ಕಾಜಾ ಅರ್ಧಕ್ಕೇ ನಿಂತಿತ್ತು.

ಅವಳನ್ನು ಹೂಳಿ ಹೆಚ್ಚು ದಿನ ಕಳೆದಿರಲಿಲ್ಲ. ಊಟದ ಹೊತ್ತಿನಲ್ಲಿ ಎದುರು ಯಂತ್ರದ ಪೆಡಲ್ ಮೆಲ್ಲಗೆ ಕೆಳಗಿಳಿದು ಮೇಲೆದ್ದಿತು. ಬಸ್ಸು ಹೋಗಿ ಕಟ್ಟಡ ಅದುರಿರಬೇಕು ಎಂದುಕೊಂಡು ಹೊಲಿಗೆಯಕ್ಕ ಆ ಯಂತ್ರದ ಗಾಲಿಯ ಬೆಲ್ಟ್ ಬಿಚ್ಚಿಟ್ಟಳು. ಮರುದಿನವೂ ಪೆಡಲ್ ಆಡಿತು. ತನ್ನ ಯಂತ್ರವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಆಗ ಬೆನ್ನಿಗೇ ಯಾರದೋ ಕಣ್ಣು ಅಂಟಿದಂತಾಗಿ, ಮತ್ತೆ ಮೊದಲಿನಂತೆ ತಿರುಗಿಸಿಟ್ಟಳು.

ವಿಷಯ ತಿಳಿದು ಅವಳ ಅಣ್ಣ ಬಂದು ಗದರಿದ. "ಗುಜರಿಗೆ ಹಾಕು ಅದನ್ನ. ಅವರ ದೆವ್ವ ಅವರಿಗಿರಲಿ."

ಅದೇ ವಾರ ಅಣ್ಣ ಮತ್ತೆ ಬಂದು ಕೂತಿದ್ದಾಗ ಕಾಜಾದಮ್ಮನ ಮಗಳು ಬಂದಳು. ಬ್ರೆಡ್ ಅಂಗಡಿಯ ಕೆಲಸದಿಂದ ನೇರ ಬಂದಿದ್ದಳು, ಮೊಣಕೈಗೆ ಹಿಟ್ಟು ಮೆತ್ತಿತ್ತು. "ಚಿಕ್ಕಮ್ಮಾ, ಅಮ್ಮ ಕೂರ್ತಿದ್ದ ಜಾಗದಲ್ಲಿ ಅಮ್ಮನ ಹತ್ರ ಮಾತಾಡ್ಬೇಕು. ಜೊತೆಗೆ ದುಡಿದ ನೀವೂ ಇರ್ಬೇಕು. ನಿಮಗೆ ನಂಬಿಕೆ ಇಲ್ಲ, ಗೊತ್ತು."

"ಇಲ್ಲ. ಈಗಲೂ ಇಲ್ಲ. ಬಾ, ಕೂತ್ಕೋ."

"ತಲೆ ಕೆಟ್ಟಿದೆಯೇನೇ ನಿನಗೆ? ನಾನಂತೂ ಇಲ್ಲಿರಲ್ಲ!" ಎಂದು ಅಣ್ಣ ಎದ್ದ.

"ಒಳಗಿರಬೇಡ. ನೀನು ಒಪ್ಪಬೇಕು ಅಂತ ನಾನು ಕೇಳ್ತಿಲ್ಲ. ಅವಳನ್ನ ತಡೀಬೇಡ, ಅಷ್ಟೇ."

ಅವನು ಗೊಣಗುತ್ತಾ ಹೊರಗೆ ಹೋದ. ಮನೆಗೆ ಮಾತ್ರ ಹೋಗಲಿಲ್ಲ, ಮೆಟ್ಟಿಲ ಮೇಲೆ ಕೂತ.

ಮಗಳು ಅಮ್ಮನ ಖಾಲಿ ಸ್ಟೂಲಿನ ಕಡೆ ತಿರುಗಿ ತನ್ನ ಮನೆಮಾತಿನಲ್ಲಿ ಏನೇನೋ ಹೇಳಿಕೊಂಡಳು. ಇಷ್ಟು ವರ್ಷದ ಸಹವಾಸದಿಂದ ಹೊಲಿಗೆಯಕ್ಕನಿಗೆ ಅರ್ಧ ಅರ್ಥವಾಯಿತು. ಆಮೇಲೆ ಅವಳ ಸರದಿ.

"ನೀನು ಇಲ್ಲಿಲ್ಲ ಅಂತ್ಲೇ ನನ್ನ ವಾದ. ಇದ್ರೆ ಕೇಳಿಸ್ಕೋ. ಆ ಕೋಟಿನ ಕಾಜಾ ನಾನೇ ಮುಗಿಸ್ದೆ ಕಣೇ. ನಿನ್ನ ಹಾಗೆ ಬರಲಿಲ್ಲ."

ಪೆಡಲ್ ಒಮ್ಮೆ, ತೀರಾ ನಿಧಾನವಾಗಿ, ಕಿರುಗುಟ್ಟುತ್ತಾ ಕೆಳಗಿಳಿಯಿತು. ಬೀದಿಯಲ್ಲಿ ಬಸ್ಸಿರಲಿಲ್ಲ. ಇಬ್ಬರ ಕಾಲೂ ಅದರ ಹತ್ತಿರವಿರಲಿಲ್ಲ.

"ಯಾರೇ ಅದು ತುಳಿದಿದ್ದು?" ಹೊರಗಿನಿಂದ ಅಣ್ಣ ಕೂಗಿದ.

ಅಂದಿನಿಂದ ಪೆಡಲ್ ಆಡಲಿಲ್ಲ. ಅಮ್ಮ ಹೇಳಿಸಿಕೊಂಡು ಎದ್ದು ಹೋದಳು ಎನ್ನುತ್ತಾಳೆ ಮಗಳು. ನೆಲದ ಹಲಗೆ ಸಡಿಲವಾಗಿತ್ತು, ಈಗ ಕೂತುಕೊಂಡಿದೆ ಎನ್ನುತ್ತಾಳೆ ಹೊಲಿಗೆಯಕ್ಕ. ರಜೆ ಸಿಕ್ಕಾಗ ಮಗಳು ಬಂದು ಇದೇ ಮಾತಿಗೆ ಇಳಿಯುತ್ತಾಳೆ, ಇಬ್ಬರೂ ಜಗ್ಗುವುದಿಲ್ಲ.

ಆದರೆ ಒಬ್ಬಳೇ ಇರುವ ಮಧ್ಯಾಹ್ನಗಳಲ್ಲಿ ಹೊಲಿಗೆಯಕ್ಕ ತನ್ನ ಯಂತ್ರ ನಿಲ್ಲಿಸಿ ಕಿವಿಗೊಡುತ್ತಾಳೆ. ಪೆಡಲ್ ಆಡುತ್ತಿದ್ದಾಗಿನ ಭಯಕ್ಕಿಂತ ಈಗ ಯಾವ ಸದ್ದೂ ಇಲ್ಲವೆಂಬ ಭಯ ದೊಡ್ಡದು. "ಸತ್ತೋರು ಬರಲ್ಲ," ಎಂದು ಎದುರಿನ ಖಾಲಿ ಸ್ಟೂಲಿಗೆ ಗಟ್ಟಿಯಾಗಿ ಹೇಳುತ್ತಾಳೆ. ಅಲ್ಲವೆನ್ನಲು ಅಲ್ಲಿ ಯಾರೂ ಇಲ್ಲ.