ನಿನ್ನ ಅವ್ವನನ್ನು ಎರಡು ಸಲ ಮದುವೆಯಾದೆ

ನನ್ನ ಸೇನೆಯ ದಾಖಲೆಯಲ್ಲಿ ನಿನ್ನ ಹೆಸರಿಲ್ಲದಿರುವುದು ಯಾವ ಕಾರಕೂನನ ಮರೆವೂ ಅಲ್ಲ, ಗಿರಿಜಾ. ನಾನೇ ಬರೆಸಲಿಲ್ಲ. ಬೇಕೆಂದೇ ಬರೆಸಲಿಲ್ಲ. ಯಾರೋ ಕಾರಕೂನ ಬಿಟ್ಟುಬಿಟ್ಟಿದ್ದಾನೆ ಎಂದು ನಿನಗೂ, ಊರಿಗೂ, ಕೊನೆಗೆ ನನಗೆ ನಾನೂ ಹೇಳಿಕೊಂಡು ಬಂದೆ. ಹೆಸರಿಲ್ಲದ, ಮುಖವಿಲ್ಲದ ಆ ಕಾರಕೂನ — ಪಾಪ, ಇಷ್ಟು ವರ್ಷ ನನ್ನ ತಪ್ಪನ್ನು ಹೊತ್ತುಕೊಂಡು ನಿಂತಿದ್ದ.

ಇದನ್ನು ಬಾಯಿಬಿಟ್ಟು ಹೇಳಬೇಕೆಂದು ಒದ್ದಾಡುತ್ತಲೇ ಇದ್ದೇನೆ. ನೀನೂ ನೋಡಿದ್ದೀ. "ಅಪ್ಪಾ, ಒಂದ ಕಡೆ ಕುಂದ್ರಬಾರ್ದ? ಕಾಲಿಗೆ ಚಕ್ರ ಕಟಗೊಂಡಾವರಂಗ ಅಡ್ಡಾಡಾಕತ್ತಿಯಲ್ಲ" ಎಂದು ಬೈದೆ. ಮೊನ್ನೆ ಗುಳಿಗೆ ತರುತ್ತೇನೆಂದು ಹೇಳಿ ಬಂಕಾಪುರಕ್ಕೆ ಹೋದವನು ಔಷಧದ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕೋಟೆಯೊಳಗೆ ಸುಮ್ಮನೆ ಸುತ್ತಿದೆ. ಎಲ್ಲೋ ನವಿಲುಗಳು ಕಿರುಚುತ್ತಿದ್ದವು. ಎಲ್ಲಿಂದ ಶುರು ಮಾಡಲಿ, ಯಾವ ಮಾತು ಮೊದಲು ಆಡಲಿ ಎಂದು ಮನಸ್ಸಿನಲ್ಲೇ ಹೊಂದಿಸಿಕೊಂಡು ಮನೆಗೆ ಬಂದರೆ, ನಿನ್ನ ಮುಖ ಕಂಡ ಕೂಡಲೇ ಬಾಯಿಂದ ಬಂದದ್ದು "ಗುಳಿಗಿ ಮುಗದಾವಂತ" ಎಂಬ ಇನ್ನೊಂದು ಸುಳ್ಳು. ಎಪ್ಪತ್ತು ದಾಟಿದ ಮೇಲೂ — ಇರಲಿ. ಬರೆಯುತ್ತೇನೆ. ಆಡಿದ ಮಾತನ್ನು ಅರ್ಧಕ್ಕೇ ನುಂಗಬಹುದು, ಬರೆದದ್ದನ್ನು ನುಂಗಲಾಗುವುದಿಲ್ಲ.

ಗಂಡ ತೀರಿಕೊಂಡ ಮೇಲೆ ನೀನು ಹಾನಗಲ್ಲಿನಿಂದ ಒಂದು ಟ್ರಂಕು ಹಿಡಿದು ಹತ್ತಿಮತ್ತೂರಿಗೆ ವಾಪಸು ಬಂದೆ. ಬಂದವಳು ಒಂದು ದಿನವೂ ಕೈಕಟ್ಟಿ ಕೂಡಲಿಲ್ಲ. ನಿನ್ನ ಅವ್ವನ ಕೊನೆಯ ಸೇವೆ ಮಾಡಿದೆ, ಈಗ ನನ್ನದು ಮಾಡುತ್ತಿದ್ದೀ. ಸೈನಿಕನ ವಿಧವೆ ಮಗಳಿಗೂ ಅವನ ನಂತರ ಪೆನ್ಶನ್ ಬರುತ್ತದೆಂದು ಯಾರೋ ಹೇಳಿದ್ದೇ ತಡ, ಶಾಲೆಯ ದಾಖಲೆ, ಆಧಾರ್, ಗಂಡನ ಮರಣದ ಪತ್ರ ಎಲ್ಲವನ್ನೂ ಜೋಡಿಸಿದೆ. "ಕಾರಕೂನ ಬಿಟ್ಟದ್ದನ್ನ ತಿದ್ದಸೂಣು, ಅದರಾಗೇನ ದೊಡ್ಡದೈತಿ?" ಎಂದೆ. ನಾನು ಇವತ್ತು ಬೇಡ, ನಾಳೆ ಬೇಡ ಎಂದು ಎಳೆದಾಡಿದೆ. ಬಸ್ಸಿನ ಗದ್ದಲ ಎಂದೆ, ಮಂಡಿ ನೋವು ಎಂದೆ. ಕೊನೆಗೆ ಅರ್ಜಿ ಹೋಯಿತು. ಕಚೇರಿಗೆ ಬನ್ನಿ ಎಂಬ ಉತ್ತರವೂ ಬಂತು.

ಆ ದಿನ ಹಾವೇರಿಯ ಸೈನಿಕರ ಕಚೇರಿಯಲ್ಲಿ ಕಾಗದ ನೋಡುತ್ತಿದ್ದ ಮನುಷ್ಯ ತಗ್ಗಿದ ದನಿಯಲ್ಲೇ ಕೇಳಿದ. ಅವನದು ಏನೂ ತಪ್ಪಿಲ್ಲ. "ಯಜಮಾನ್ರ, ದಾಖಲೆಯೊಳಗ ನಿಮ್ಮ ಲಗ್ನದ ತಾರೀಖಿಗಿಂತ ಮೊದಲ ಇವರು ಹುಟ್ಯಾರ. ಇವರು ನಿಮ್ಮ ಸ್ವಂತ ಮಗಳೇನ್ರಿ, ದತ್ತಕ ಏನರ ತಗೊಂಡಿದ್ರಿ?" ನಾನು "ಸ್ವಂತ" ಅಂದೆ. ಅಷ್ಟೇ ಅಂದೆ. ನೀನು ತಲೆ ಎತ್ತಲಿಲ್ಲ. ಕಾಗದಗಳನ್ನು ಒಂದೊಂದಾಗಿ ಕವರಿನೊಳಗೆ ತುಂಬಿಕೊಂಡೆ.

ಸವಣೂರಿನ ಬಸ್ಸಿನಲ್ಲಿ ನೀನು ಕಿಟಕಿಯ ಕಡೆ ಕೂತಿದ್ದೆ. ನನ್ನ ಮುಖ ನೋಡದೆ ಹೇಳಿದೆ — "ಅಪ್ಪಾ, ನನ್ನ ಹುಟ್ಟಿದ ತಾರೀಖನ ಬದಲ ಮಾಡಿಸಿಬಿಡೂಣು. ಸಾಲ್ಯಾಗ ಹೆಸರು ಹಚ್ಚೂಮುಂದ ವಯಸ್ಸ ಹೆಚ್ಚ ಬರಸ್ಯಾರ ಅಂದ್ರ ಮುಗೀತು. ಪೆನ್ಶನ್ ಬರಲಿ ಬಿಡಲಿ. ಅವ್ವನ ಹೆಸರು ಯಾರ ಬಾಯಾಗೂ ಬೀಳಬಾರ್ದು."

ಅವ್ವನ ಹೆಸರು! ನೀನು ಏನು ಅಂದುಕೊಂಡಿದ್ದೀ ಎಂಬುದು ಆಗ ನನಗೆ ಹೊಳೆಯಿತು. ಅವ್ವ ಲಗ್ನಕ್ಕೆ ಮೊದಲೇ ನನ್ನನ್ನು ಹೆತ್ತಳು, ಅದಕ್ಕೇ ಈ ಮನುಷ್ಯ ನನ್ನ ಹೆಸರು ಬರೆಸಲಿಲ್ಲ — ಇದನ್ನೇ ಅಲ್ಲವೆ ಅಂದುಕೊಂಡದ್ದು? ಬಹುಶಃ ಇನ್ನೂ ಮುಂದಕ್ಕೂ ಹೋಗಿರಬಹುದು ನಿನ್ನ ಮನಸ್ಸು. ನಾನು ನಿನ್ನ ಅಪ್ಪ ಹೌದೋ ಅಲ್ಲವೋ ಎಂಬಲ್ಲಿಗೆ. ಅವ್ವನನ್ನು ಹೆತ್ತ ಆಯಿಯನ್ನು ಕೇಳಲು ನಿನಗೆ ನಾಲಿಗೆ ಏಳಲಿಲ್ಲ. ನನಗಾದರೂ ಅಲ್ಲೇ, ಆ ಸೀಟಿನಲ್ಲೇ, ಅಲ್ಲವ್ವಾ ಹಾಗಲ್ಲ ಎನ್ನಲು ಎಷ್ಟು ಹೊತ್ತು ಬೇಕಾಗಿತ್ತು? ನಾನು "ನೋಡೂಣು" ಎಂದೆ. ಥೂ ನನ್ನ.

ಈಗ ಕೇಳು. ನಿನ್ನ ಅವ್ವ ಲಗ್ನವಾಗಿಯೇ ನಿನ್ನನ್ನು ಹೆತ್ತಳು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ನನ್ನ ಅಕ್ಕ, ಅಂದರೆ ನಿನ್ನ ಆಯಿ, ತನ್ನ ಮಗಳನ್ನು ನನಗೇ ಎಂದು ತೊಟ್ಟಿಲಲ್ಲೇ ಹೇಳಿಟ್ಟಿದ್ದಳು. ನನ್ನ ಅವ್ವ ಹಾಸಿಗೆ ಹಿಡಿದಾಗ, ಕಣ್ಣು ಮುಚ್ಚುವುದರೊಳಗೆ ಮಗನ ಮೇಲೆ ನಾಲ್ಕು ಅಕ್ಕಿಕಾಳು ಬೀಳುವುದನ್ನು ನೋಡಬೇಕೆಂದಳು. ತಡಸದಲ್ಲಿ ಅಕ್ಕನ ಮನೆಯ ಅಂಗಳದಲ್ಲೇ ಲಗ್ನವಾಯಿತು. ಅಯ್ಯನವರು ಬಂದರು, ಹತ್ತಿರದವರು ಬಂದರು, ಹುಗ್ಗಿ ಉಂಡು ಹೋದರು. ಫೋಟೋ ಇಲ್ಲ, ಕಾಗದವಿಲ್ಲ. ಆಗಿನ ಲಗ್ನಗಳಿಗೆ ಯಾರು ಕಾಗದ ಮಾಡುತ್ತಿದ್ದರು?

ಮುಂದೆ ಸ್ವಲ್ಪ ದಿನಕ್ಕೆ ಮಿಲಿಟರಿ ಭರ್ತಿ ಬಂತು. ನನಗೆ ಆ ಸಮವಸ್ತ್ರದ ಹುಚ್ಚು. ಲಗ್ನವಾದ ಹುಡುಗರನ್ನು ತೆಗೆದುಕೊಳ್ಳುವುದಿಲ್ಲ ಎಂದು ಗೊತ್ತಾದಾಗ ಊರ ಗೌಡರ ಹತ್ತಿರ ಓಡಿದೆ. ಈತ ಅವಿವಾಹಿತ ಎಂದು ಅವರು ಬರೆದುಕೊಟ್ಟರು. ಎದೆ ಉಬ್ಬಿಸಿ ಓಡಿದೆ, ಜಿಗಿದೆ, ಆಯ್ಕೆಯಾದೆ. ಮೇಜಿನ ಹಿಂದಿನ ಸಾಹೇಬ ಹಿಂದಿಯಲ್ಲಿ ಲಗ್ನವಾಗಿದೆಯೇ ಎಂದು ಕೇಳಿದ. ಇಲ್ಲ ಎಂದೆ. ನೀನಾಗಲೇ ನಿನ್ನ ಅವ್ವನ ಹೊಟ್ಟೆಯಲ್ಲಿದ್ದೆ.

ತರಬೇತಿಯಲ್ಲಿರುವಾಗ ನೀನು ಹುಟ್ಟಿದ ಸುದ್ದಿ ಬಂತು. ಜೊತೆಯವರಿಗೆ ಪೇಡೆ ಹಂಚಬೇಕೆಂದು ಆಸೆಯಾಯಿತು. ಏನೆಂದು ಹಂಚಲಿ? ಅಕ್ಕನಿಗೆ ಮೊಮ್ಮಗಳು ಹುಟ್ಟಿದ್ದಾಳೆ ಎಂದು ಹೇಳಿ ಹಂಚಿದೆ. ಸುಳ್ಳಂತೂ ಅಲ್ಲ, ನೋಡು — ಅಂಥ ಜಾಣತನ ನನ್ನದು.

ರಜೆಗೆ ಬಂದಾಗ ಇನ್ನೊಂದು ಚಿಂತೆ ಹತ್ತಿತು. ಹೆಂಡತಿಯ ಹೆಸರು ದಾಖಲೆಯಲ್ಲಿ ಇಲ್ಲದಿದ್ದರೆ ನಾಳೆ ಗಡಿಯಲ್ಲಿ ನನಗೇನಾದರೂ ಆದರೆ ಅವಳಿಗೆ ಏನೂ ಸಿಗುವುದಿಲ್ಲ. ಹೆಸರು ಬರೆಸಬೇಕೆಂದರೆ ಲಗ್ನವಾಗಬೇಕು. ಲಗ್ನ ಭರ್ತಿಯ ನಂತರದ್ದಾಗಿರಬೇಕು. ಆದ್ದರಿಂದ — ಹೇಳಲು ನಾಚಿಕೆಯಾಗುತ್ತದೆ — ನನ್ನ ಹೆಂಡತಿಯನ್ನೇ ನಾನು ಮತ್ತೊಮ್ಮೆ ಲಗ್ನವಾದೆ. ಅದೇ ಗೌಡರು ಲಗ್ನವಾಗಿದೆ ಎಂದು ಹೊಸ ಪತ್ರ ಬರೆದುಕೊಟ್ಟು ನಕ್ಕರು. "ಒಂದ ಪೆನ್ನಿನಾಗ ನಿನ್ನ ಬ್ರಹ್ಮಚಾರಿನೂ ಮಾಡಿದೆ, ಸಂಸಾರಸ್ಥನೂ ಮಾಡಿದೆ ನೋಡಲೇ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಪುರಾವೆಗೆ ಫೋಟೋ ಬೇಕಾಗಿತ್ತು. ಶಿಗ್ಗಾವಿಯ ಸ್ಟುಡಿಯೋಕ್ಕೆ ಹೋದೆವು. ನಾವಿಬ್ಬರೂ ಬಾಸಿಂಗ ಕಟ್ಟಿಕೊಂಡು, ಮಾಲೆ ಹಾಕಿಕೊಂಡು ಪರದೆಯ ಮುಂದೆ ನಿಂತೆವು. ನೀನು ಅಕ್ಕನ ಬಗಲಲ್ಲಿದ್ದೆ. ಅವ್ವನನ್ನು ಆ ವೇಷದಲ್ಲಿ ಕಂಡು ಗುರುತು ಹತ್ತಲಿಲ್ಲವೋ, ಹಸಿವಾಗಿತ್ತೋ, ಚೀರಿ ಅಳಲು ಶುರು ಮಾಡಿದೆ. ನಿನ್ನ ಅವ್ವ ಕೈಚಾಚಿದಳು. ನಾನು ಅವಳ ಕೈ ತಡೆದು ಅಕ್ಕನಿಗೆ ಹೇಳಿದೆ —

"ಆ ಕೂಸನ್ನ ಹೊರಗ ಒಯ್ಯಿ. ಫೋಟೋದಾಗ ಬರಬಾರ್ದು ಅದು."

"ಅದು" ಅಂದೆ. "ಅವಳು" ಎನ್ನಲಿಲ್ಲ.

ಅಕ್ಕ ನನ್ನನ್ನು ಕೆಕ್ಕರಿಸಿ ನೋಡಿ ಹೊರಗೆ ಹೋದಳು. ಬಾಗಿಲಾಚೆ ನಿನ್ನ ಅಳು ಕೇಳುತ್ತಲೇ ಇತ್ತು. ನಿನ್ನ ಅವ್ವನಿಗೆ ಹಾಲು ಸೋರಿ ಕುಪ್ಪಸ ಒದ್ದೆಯಾಯಿತು; ಸೆರಗನ್ನು ಎದೆಯ ಮೇಲೆ ಎಳೆದು ಗಟ್ಟಿಯಾಗಿ ಹಿಡಿದುಕೊಂಡಳು. ಗೋಡೆಯ ಮೇಲಿನ ಫೋಟೋ ಅದೇ. ಸಣ್ಣವಳಿದ್ದಾಗ ನೀನು ಅದರ ಧೂಳು ಒರೆಸುತ್ತ ಕೇಳಿದ್ದೆ, "ಅವ್ವ ಯಾಕ ಹಿಂಗ ಸೆರಗ ಹಿಡದಾಳಪಾ?" "ಮದುಮಗಳಲ್ಲೇನವ್ವಾ, ನಾಚಿಕಿ" ಎಂದು ನಾನು ಹೇಳಿದ್ದೆ. ನಿನ್ನ ಅವ್ವ ಒಲೆಯ ಮುಂದೆ ಕೂತಿದ್ದಳು. ತಿರುಗಿ ನೋಡಲಿಲ್ಲ.

ಊರಲ್ಲಿ ಗೊತ್ತಿದ್ದವರು ಬಾಯಿ ಮುಚ್ಚಿಕೊಂಡರು. ಹುಡುಗನ ನೌಕರಿ ಹೋದೀತೆಂಬ ಕಾಳಜಿ ಅವರಿಗೆ. ಅವರಲ್ಲಿ ಹೆಚ್ಚಿನವರು ಈಗಿಲ್ಲ.

ರಜೆಗೆ ಬಂದಾಗಲೆಲ್ಲ ನಿನ್ನ ಅವ್ವ ಕೇಳುತ್ತಿದ್ದಳು, "ಕೂಸಿನ ಹೆಸರು ಬರಸಿದ್ರಿ?" ಬರೆಸುತ್ತೇನೆ ಎನ್ನುತ್ತಿದ್ದೆ. ಆಮೇಲೆ ನಿನ್ನ ತಮ್ಮ ಹುಟ್ಟಿದ, ತಂಗಿ ಹುಟ್ಟಿದಳು. ಅವರಿಬ್ಬರ ಹೆಸರು ತಡವಿಲ್ಲದೆ ದಾಖಲಾಯಿತು. ನಿನ್ನದನ್ನು ಬರೆಸಿದರೆ ಲಗ್ನದ ಸುಳ್ಳು ಹೊರಬರುತ್ತದೆ, ನೌಕರಿ ಹೋಗುತ್ತದೆ ಎಂಬ ಅಂಜಿಕೆ. ನಿವೃತ್ತಿಯಾದ ಮೇಲೆ ಪೆನ್ಶನ್ ನಿಲ್ಲುತ್ತದೆಂಬ ಅಂಜಿಕೆ. ಗುಂಡಿನ ಸದ್ದಿಗೆ ಇಷ್ಟು ಅಂಜಿದವನಲ್ಲ ನಾನು. ಅವಳು ಮತ್ತೆ ಕೇಳಿದಾಗ "ಬರಸೇನಿ ತಗಿ" ಎಂದು ಆಗಿಯೇ ಹೋದಂತೆ ಹೇಳಿಬಿಟ್ಟೆ. ಓದು ಬಾರದ ಹೆಣ್ಣುಮಗಳು, ಗಂಡನ ಮಾತು ನಂಬಿದಳು.

ಹಿರೇಕೆರೂರಿನಲ್ಲಿ ಶಿಕ್ಷಕಿಯ ತರಬೇತಿಗೆ ಸೈನಿಕರ ಮಕ್ಕಳಿಗೆಂದು ಸೀಟು ಇದೆ ಎಂದು ನಿಮ್ಮ ಮಾಸ್ತರರು ಹೇಳಿಕಳಿಸಿದ್ದರು. ನೀನು ಕುಣಿಯುತ್ತ ಬಂದಿದ್ದೆ. ಸೈನಿಕನ ಮಗಳು ಎಂಬ ಪತ್ರ ತರಬೇಕಾಗಿತ್ತು. ಎಲ್ಲಿಂದ ತರಲಿ? "ಹೆಣ್ಮಕ್ಕಳಿಗೆ ಅದು ಇಲ್ಲವ್ವಾ" ಅಂದೆ. ಮುಂದೆ ನಿನ್ನ ತಂಗಿ ಅದೇ ಪತ್ರದ ಮೇಲೆ ಓದಿ ಇವತ್ತು ಶಿಕ್ಷಕಿಯಾಗಿದ್ದಾಳೆ. ಅವಳ ಸೀಟಿನ ಸುದ್ದಿ ಬಂದ ದಿನ ನೀನು ತವರಿಗೆ ಬಂದಿದ್ದೆ. ಅವಳಿಗೆ ನೀನೇ ಸಕ್ಕರೆ ತಿನ್ನಿಸಿದೆ. ನನ್ನನ್ನು ಏನೂ ಕೇಳಲಿಲ್ಲ. ಒಂದು ಸಲ ಕೇಳಿದ್ದರೆ... ಇಲ್ಲ, ಕೇಳಿದ್ದರೆ ಕಾರಕೂನನ ಹೆಸರು ಹೇಳುತ್ತಿದ್ದೆ. ಮುಂದೆ ಹೇಳಿದೆ ಕೂಡ.

ಎಲ್ಲಕ್ಕಿಂತ ಹೇಸಿಗೆಯದು ಇದು. ಆಸ್ಪತ್ರೆಯಲ್ಲಿ ನಿನ್ನ ಅವ್ವ ಇನ್ನು ಉಳಿಯುವುದಿಲ್ಲ ಎನ್ನುವಾಗ, ನೀನು ಗಂಜಿ ತರಲು ಹೋಗಿದ್ದೆ, ಅವಳು ನನ್ನ ಕೈ ಹಿಡಿದು ಕೇಳಿದಳು — "ಗಿರಿಜಾನ ಹೆಸರು ಐತಲ್ರಿ, ನಿಮ್ಮ ಕಾಗದದಾಗ?" ಆಗಲಾದರೂ — ಆಗಲಾದರೂ! "ಐತಿ" ಅಂದೆ. ಅವಳು ಸಮಾಧಾನದಿಂದ ಕಣ್ಣು ಮುಚ್ಚಿ ಮಲಗಿದಳು. ಆ ಸಮಾಧಾನ ನನ್ನನ್ನು ಒಂದು ಕಡೆ ಕೂಡಗೊಡುವುದಿಲ್ಲ.

ನಿನ್ನೆ ತಡಸಕ್ಕೆ ಹೋಗಿದ್ದೆ. ನಿನಗೆ ಹೇಳಿದ್ದು ಬೇರೆ. ಅಕ್ಕನ ಮುಂದೆ ಕೂತು ಬಸ್ಸಿನಲ್ಲಿ ನೀನು ಆಡಿದ ಮಾತನ್ನು ಹೇಳಿದೆ. ಕಿವಿ ಮಂದವಾಗಿದೆಯಲ್ಲ, ಎರಡು ಸಲ ಹೇಳಿಸಿಕೊಂಡಳು. ಹಣೆ ಹಣೆ ಬಡಿದುಕೊಂಡಳು.

"ಹಡದಾಕಿ ಮಣ್ಣಾದ ಮ್ಯಾಲ ಬುದ್ಧಿ ಬಂತೇನೋ ತಮ್ಮಾ? ನನ್ನ ಮಗಳ ಮ್ಯಾಲ ಇಂಥಾ ಮಾತ ಬಂದ್ರೂ ಬಸ್ಸಿನಾಗ ಬಾಯಿ ಮುಚಗೊಂಡ ಕುಂತಿದ್ಯಾ?"

"ಸಾಕ್ಷಿ ಬೇಕಾಗೈತಿ ಅಕ್ಕಾ. ಬರ್ತಿಯೇನು?"

"ನಡಿ. ಹೆಬ್ಬಟ್ಟ ಒತ್ತಾಕ ಕೈ ಇನ್ನೂ ನೆಟ್ಟಗೈತಿ."

ಅವಳನ್ನು ಶಿಗ್ಗಾವಿಗೆ ಕರೆದುಕೊಂಡು ಹೋದೆ. ಕೋರ್ಟಿನ ಎದುರು ಅಫಿಡವಿಟ್ ಟೈಪ್ ಮಾಡುವವನಿಗೆ ಎಲ್ಲವನ್ನೂ ಇದ್ದದ್ದು ಇದ್ದಹಾಗೆ ಹೇಳಿ ಬರೆಸಿದೆ. ಭರ್ತಿಯಾಗುವ ಮೊದಲೇ ಲಗ್ನವಾಗಿತ್ತು, ಅದನ್ನು ಮುಚ್ಚಿಟ್ಟೆ, ಎರಡನೆಯ ಲಗ್ನ ತೋರಿಕೆಯದು, ಗಿರಿಜಾ ನನ್ನ ಹಿರಿಯ ಮಗಳು. ಅವನು ಬೆರಳು ನಿಲ್ಲಿಸಿದ. "ಯಜಮಾನ್ರ, ಇದನ್ನ ಕೊಟ್ರ ನಿಮಗ ತ್ರಾಸ ಆಗತೈತ್ರಿ. ಮಗಳ ತಾರೀಖ ತಿದ್ದೂದು ಸಸಾರ ಐತಿ, ಎಲ್ಲಾರೂ ಅದನ್ನ ಮಾಡ್ತಾರ" ಎಂದ. ಬರೆಯಪ್ಪಾ ಎಂದೆ. ಅಕ್ಕ ಹೆಬ್ಬೆಟ್ಟು ಒತ್ತಿದಳು, ನಾನು ಸಹಿ ಹಾಕಿದೆ. ಇವತ್ತು ಬೆಳಿಗ್ಗೆ ಹಾವೇರಿಯಲ್ಲಿ ಕೊಟ್ಟು ಬಂದೆ. ಪೆನ್ಶನ್ ನಿಲ್ಲಿಸಬಹುದು. ವಿಚಾರಣೆಗೆ ಕರೆಯಬಹುದು. ನಿನಗೆ ಬರಬೇಕಾದದ್ದೂ ಬರದೆ ಹೋಗಬಹುದು — ಅದೊಂದೇ ಚುಚ್ಚುತ್ತಿದೆ. ಅದನ್ನೂ ನಿನಗೆ ಮುಚ್ಚಿಡುವುದಿಲ್ಲ.

ಹುಟ್ಟಿದ ತಾರೀಖು ಬದಲಿಸಲೆಂದು ನೀನು ಬರೆಸಿಟ್ಟ ಕಾಗದಕ್ಕೆ ನಾನು ಸಹಿ ಹಾಕುವುದಿಲ್ಲ. ನೀನೂ ಹಾಕಬೇಡ. ನಿನ್ನ ವಯಸ್ಸನ್ನು ನನಗಾಗಿ ಕಡಿಮೆ ಮಾಡಿಕೊಳ್ಳಬೇಡ. ತಪ್ಪಾಗಿರುವುದು ನೀನು ಹುಟ್ಟಿದ ದಿನವಲ್ಲ. ನಿನ್ನ ಅವ್ವ ಯಾರೆದುರೂ ತಲೆ ತಗ್ಗಿಸುವ ಕೆಲಸ ಮಾಡಿದವಳಲ್ಲ. ಅವಳು ಬದುಕಿರುವಾಗ ಈ ಮಾತನ್ನು ಅವಳ ಪಕ್ಕದಲ್ಲಿ ನಿಂತು ಹೇಳಬೇಕಾಗಿತ್ತು. ಹೇಳಲಿಲ್ಲ.

ಕ್ಷಮಿಸು ಎಂದು ಬರೆಯಲು ಹೋಗಿ ಪೆನ್ನು ಎತ್ತಿದೆ. ಆ ಶಬ್ದ ಬರೆದರೆ ನೀನು ಕ್ಷಮಿಸಿಬಿಡುತ್ತೀ. ನಿನ್ನ ಗುಣ ನನಗೆ ಗೊತ್ತು. ಅದು ಬೇಡ.

ನೀನು ಒಳಗೆ ರೊಟ್ಟಿ ಬಡಿಯುತ್ತಿದ್ದೀ. ಕೈತೊಳೆದು ಬರುವವರೆಗೆ ಕಾಯುತ್ತೇನೆ. ಈ ಹಾಳೆಗಳನ್ನು ನಿನ್ನ ಕೈಯಲ್ಲಿಟ್ಟು, ನೀನು ಓದಿ ಮುಗಿಸುವ ತನಕ ಎದುರಿಗೇ ಕೂಡುತ್ತೇನೆ. ನೀನು ಏನಂದರೂ, ಏನೂ ಅನ್ನದಿದ್ದರೂ, ಎದ್ದು ಹೋಗುವುದಿಲ್ಲ.