ಹಿರಿಯಣ್ಣ ಹೇಳಿದ ನಿಜ

ಪ್ರಾರ್ಥನೆ ಮಾಡುವುದರಲ್ಲಿ ಹಿರಿಯಣ್ಣನದು ಎತ್ತಿದ ಕೈ. ಅವನು ಕಣ್ಣು ಮುಚ್ಚಿ, ಎರಡೂ ಕೈ ಚಾಚಿ, ‘ಪರಲೋಕದ ತಂದೆಯೇ’ ಎಂದು ರಾಗ ಎಳೆದನೆಂದರೆ ಚರ್ಚಿನ ಹೆಂಗಸರು ಕರವಸ್ತ್ರ ಹುಡುಕುತ್ತಿದ್ದರು, ಗಂಡಸರು ಗಡಿಯಾರ ನೋಡುತ್ತಿದ್ದರು. ಮಕ್ಕಳು ಬೆನ್ನ ಹಿಂದೆ ‘ಉದ್ದಪ್ಪ’ ಎನ್ನುತ್ತಿದ್ದುದು ಆಳು ಎತ್ತರವೆಂದಲ್ಲ, ಅವನ ಆಮೆನ್ ಬಹಳ ದೂರವೆಂದು. ಸಭೆಯ ಹಿರಿಯರ ಪೈಕಿ ವಯಸ್ಸಿನಲ್ಲಿ ಅವನೇ ಕಿರಿಯ. ಆದರೂ ಹಿರಿಯಣ್ಣ ಎಂಬ ಹೆಸರು ದಕ್ಕಿದ್ದು ಅವನೊಬ್ಬನಿಗೇ, ಆ ಹೆಸರಿನ ಮೇಲೆ ಅವನಿಗೆ ಬಹಳ ಪ್ರೀತಿ.

ಮನುಷ್ಯ ಕೆಟ್ಟವನಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕುಡಿತವಿಲ್ಲ, ಬೈಗುಳವಿಲ್ಲ. ಸಾವಾದ ಮನೆಗೆ ಎಲ್ಲರಿಗಿಂತ ಮೊದಲು ಹೋಗಿ ಕುರ್ಚಿ ಹೊರುತ್ತಿದ್ದ. ಹೊರುವಾಗ ಮಾತ್ರ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣಂಚಿನಲ್ಲಿ ಒಮ್ಮೆ ಅಳೆದುಕೊಳ್ಳುತ್ತಿದ್ದ. ಅಷ್ಟು ಸಣ್ಣ ಚಟ ಯಾರಿಗಿಲ್ಲ ಎಂದು ನೀವು ಕೇಳಬಹುದು. ಆ ಸಣ್ಣ ಚಟ ಒಬ್ಬ ಹೆಂಗಸಿನ ಎರಡು ಬೆರಳು ತಿಂದಿತು.

ಹೊಟ್ಟೆಪಾಡಿಗೆ ಅವನು ದೊಡ್ಡದೊಂದು ಲಾಂಡ್ರಿಯಲ್ಲಿ ಯಂತ್ರಗಳ ಉಸ್ತುವಾರಿ ನೋಡುತ್ತಿದ್ದ. ಆಸ್ಪತ್ರೆ, ಹೋಟೆಲುಗಳ ಹಾಸು ಹೊದಿಕೆಗಳು ಗಾಡಿಗಟ್ಟಲೆ ಬಂದು ಅಲ್ಲಿ ಒಗೆತವಾಗಿ, ಕೊನೆಗೆ ರೋಲರ್ ಮುಂದೆ ಬೀಳುತ್ತಿದ್ದವು. ರೋಲರ್ ಎಂದರೆ ಹಬೆಯಿಂದ ಕಾದ ಉದ್ದನೆಯ ಕಬ್ಬಿಣದ ಉರುಳೆ. ಒದ್ದೆ ಹಾಸನ್ನು ಬಾಯಿಗೆ ಕೊಟ್ಟರೆ ಆ ಕಡೆಯಿಂದ ಒಣಗಿ ಸುಕ್ಕಿಲ್ಲದೆ ಬರುತ್ತದೆ. ಉರುಳೆಯ ಮುಂದೆ ಅಡ್ಡಲಾಗಿ ಒಂದು ಪಟ್ಟಿಯಿರುತ್ತದೆ, ಅದೇ ಗಾರ್ಡ್. ಬೆರಳು ಒಳಗೆ ಹೋಗುವ ಮುನ್ನ ಅದಕ್ಕೆ ತಾಗುತ್ತದೆ, ಪಟ್ಟಿ ಅಲುಗಿದೊಡನೆ ಯಂತ್ರ ನಿಲ್ಲುತ್ತದೆ.

ರೋಲರ್ ಮುಂದೆ ನಿಲ್ಲುತ್ತಿದ್ದವಳು ಇಸ್ತ್ರಿಯಮ್ಮ. ಅವಳೂ ಹಿರಿಯಣ್ಣನ ಚರ್ಚಿನವಳೇ. ತಡವಾಗಿ ಬಂದು ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲಿ ಕೂರುವವಳು, ಹಾಡಿನಲ್ಲಿ ಶ್ರುತಿ ತಪ್ಪುವವಳು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ ಇದ್ದಳು, ರಾತ್ರಿಯೆಲ್ಲ ಮಗ್ಗುಲು ಬದಲಿಸಬೇಕು. ಹಾಗಾಗಿ ಹಿರಿಯಣ್ಣನ ಪ್ರಾರ್ಥನೆ ಅರ್ಧ ದಾರಿ ತಲುಪುವಷ್ಟರಲ್ಲಿ ಅವಳ ತಲೆ ವಾಲುತ್ತಿತ್ತು. ಒಂದು ಭಾನುವಾರ ಹಿರಿಯಣ್ಣ ವೇದಿಕೆಯಿಂದಲೇ, “ಕರ್ತನೇ, ತೂಕಡಿಕೆಯ ಆತ್ಮವನ್ನ ನಮ್ಮ ಸಭೆಯಿಂದ ಓಡಿಸು” ಎಂದ. ಚರ್ಚಿಗೆ ಚರ್ಚೇ ನಕ್ಕಿತು. ಅಂದಿನಿಂದ ಅವಳ ಹೆಸರು ‘ತೂಕಡಿಕೆ’ ಎಂದಾಯಿತು. ಅವಳೂ ನಕ್ಕಿದ್ದಳು, ಆದರೆ ಕಿವಿ ಕೆಂಪಾಗಿತ್ತು.

ಆ ಶುಕ್ರವಾರ ಗಾರ್ಡ್ ಸಡಿಲವಾಗಿ, ಹಾಸಿನ ದಪ್ಪ ಅಂಚು ತಾಗಿದರೂ ಯಂತ್ರ ಗಕ್ಕನೆ ನಿಲ್ಲತೊಡಗಿತು. ಸರಿಮಾಡಬೇಕೆಂದರೆ ಉರುಳೆ ತಣ್ಣಗಾಗಬೇಕು, ಮಧ್ಯಾಹ್ನವೆಲ್ಲ ಹೋಗುತ್ತದೆ. ಸಂಜೆ ಬೇರೆ ಊರುಗಳ ಸಭೆಯವರೂ ಕೂಡುವ ದೊಡ್ಡ ಪ್ರಾರ್ಥನಾ ಕೂಟವಿತ್ತು, ಅದನ್ನು ನಡೆಸಬೇಕಾದವನು ಹಿರಿಯಣ್ಣ. ಅವನು ಒಂದು ತುಂಡು ತಂತಿ ತಂದು ಗಾರ್ಡನ್ನು ಅಲುಗಾಡದಂತೆ ಬಿಗಿದುಬಿಟ್ಟ.

“ಹಿರಿಯಣ್ಣ, ಹಿಂಗೆ ಕಟ್ಟಿದ್ರೆ ಆಮೇಲೆ ನಿಲ್ಲೋದೇ ಇಲ್ಲ ಅಲ್ವಾ?” ಎಂದಳು ಇಸ್ತ್ರಿಯಮ್ಮ.

“ದೇವರು ಕಾಯ್ತಾನಮ್ಮ, ನೀನು ಕೈ ನೋಡ್ಕೊಂಡು ಕೆಲಸ ಮುಗಿಸು” ಎಂದು ಅವನು ಬಾಯ್ಲರ್ ಕೋಣೆಗೆ ಹೋದ. ಅಲ್ಲಿ ಕೂಟಕ್ಕೆಂದು ತಂದ ಅವನ ಬಿಳಿ ಅಂಗಿ ನೇತಾಡುತ್ತಿತ್ತು. ಅದರ ಗುಂಡಿ ಹಾಕಿಕೊಳ್ಳುತ್ತಿರುವಾಗ ಕೂಗು ಕೇಳಿಸಿತು.

ಓಡಿಬಂದು ಸ್ವಿಚ್ಚು ಆರಿಸಿದ್ದು ಅವನೇ, ಉರುಳೆ ಎತ್ತಿದ್ದೂ ಅವನೇ. ಬಟ್ಟೆ ಮಡಿಸುವ ಹೆಂಗಸರು ಅವಳನ್ನು ಹಾಸುಗಳ ರಾಶಿಯ ಮೇಲೆ ಒರಗಿಸಿದರು, ಯಾರೋ ನೀರಿಗೆ ಓಡಿದರು, ಯಾರೋ ಗಾಡಿಗೆ ಓಡಿದರು. ಹಿರಿಯಣ್ಣನ ಕೈ ಮೊದಲು ಹೋದದ್ದು ಅವಳ ಕಡೆಗಲ್ಲ, ತಂತಿಯ ಕಡೆಗೆ. ಬೆನ್ನು ಅಡ್ಡ ಮಾಡಿ, ಬಿಚ್ಚಿ, ಜೇಬಿಗೆ ಹಾಕಿಕೊಂಡ. ತಿರುಗಿದರೆ ಇಸ್ತ್ರಿಯಮ್ಮ ಅರೆಗಣ್ಣು ತೆರೆದು ಅವನನ್ನೇ ನೋಡುತ್ತಿದ್ದಳು.

ಸಂಜೆ ಕೂಟದಲ್ಲಿ ಅವನು ಅವಳಿಗಾಗಿ ಪ್ರಾರ್ಥಿಸಿದ. ಅಷ್ಟು ಚೆನ್ನಾಗಿ ಅವನು ಎಂದೂ ಪ್ರಾರ್ಥಿಸಿರಲಿಲ್ಲವೆಂದು ಎಲ್ಲರೂ ಹೇಳಿದರು.

ಮರುವಾರ ಪಾದ್ರಿಯವರು, ನಾಲ್ಕಾರು ಹೆಂಗಸರು, ಹಿರಿಯಣ್ಣ, ಅವನ ಹೆಂಡತಿ ಎಲ್ಲ ಆಸ್ಪತ್ರೆಗೆ ಹೋದರು. ಇಸ್ತ್ರಿಯಮ್ಮನ ಬಲಗೈ ಮೊಣಕೈವರೆಗೆ ಬಿಳೀ ಬಟ್ಟೆಯ ಗಂಟಾಗಿತ್ತು. “ಹಿರಿಯಣ್ಣ, ನೀವೇ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ” ಎಂದರು ಪಾದ್ರಿಯವರು. ಹಿರಿಯಣ್ಣ ಕೈ ಚಾಚಿದ. ಅವಳು ತಲೆಯನ್ನು ಗೋಡೆಯ ಕಡೆಗೆ ಹೊರಳಿಸಿಕೊಂಡು, “ಬೇಡ” ಎಂದಳು.

ಪಾದ್ರಿಯವರು ತಾವೇ ಎರಡು ಮಾತು ಪ್ರಾರ್ಥಿಸಿ ಎಲ್ಲರನ್ನೂ ಹೊರಡಿಸಿದರು. ಮೆಟ್ಟಿಲಿಳಿಯುವಾಗ ಹೆಂಗಸರ ನಾಲಿಗೆ ಸಡಿಲವಾಯಿತು.

“ನೋಡಿದ್ರಾ? ಪ್ರಾರ್ಥನೇನೇ ಬೇಡವಂತೆ!”

“ವಿಶ್ವಾಸ ಇದ್ದೋರು ಸಭೇಲಿ ತೂಕಡಿಸ್ತಾರಾ? ದೇವರು ಎಚ್ಚರಿಸಿದ್ರೂ ಮನಸ್ಸು ಗಟ್ಟಿ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಿರಿಯಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು. ತಂತಿಯನ್ನು ಅವನು ಎಂದೋ ಚರಂಡಿಗೆ ಎಸೆದಿದ್ದ. “ಅವಳನ್ನ ಏನೂ ಅನ್ಬೇಡಿ” ಎಂದಷ್ಟೇ ಹೇಳಿದ. “ಎಂಥ ಮನಸ್ಸು ನೋಡಿ ಅಣ್ಣಂದು” ಎಂದರು ಅವರು.

ಲಾಂಡ್ರಿಯ ಯಜಮಾನರು ಅದೇ ಚರ್ಚಿನ ಮುಂದಿನ ಸಾಲಿನವರು. ಅವರು ಹಿರಿಯಣ್ಣನನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿದರು. “ಯಂತ್ರದ್ದು ತಪ್ಪಾದ್ರೆ ಆಸ್ಪತ್ರೆ ಖರ್ಚು, ಅವಳ ಮುಂದಿನ ಜೀವನ ಎಲ್ಲ ನನ್ನ ತಲೆ ಮೇಲೆ. ಅವಳದೇ ತಪ್ಪಾದ್ರೆ ಕೆಲಸದಿಂದ ತೆಗೀತೀನಿ, ಅಲ್ಲಿಗೆ ಮುಗೀತು. ನೀವು ಸುಳ್ಳು ಹೇಳೋರಲ್ಲ, ನಿಮ್ಮದೊಂದು ಮಾತು ಸಾಕು. ನಿದ್ದೆಗಣ್ಣಲ್ಲಿ ಕೈ ಕೊಟ್ಟಳಾ?”

“ಆಗ ನಾನು ಅಲ್ಲಿರಲಿಲ್ಲ ಸಾರ್.” ಇದು ನಿಜವೇ.

“ಆದ್ರೂ, ತೂಕಡಿಸೋ ಅಭ್ಯಾಸ ಇದೆ ಅಲ್ವಾ ಅವಳಿಗೆ?”

ಹಿರಿಯಣ್ಣ ನೆಲ ನೋಡಿದ. “ಇದೆ” ಎಂದ. ಇದೂ ನಿಜವೇ. ಎರಡು ನಿಜ ಸೇರಿಸಿ ಒಂದು ಸುಳ್ಳು ಹೊಲಿಯುವುದು ಇಷ್ಟು ಸುಲಭವೆಂದು ಅವನಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಆ ತಿಂಗಳು ಕಳೆದರೆ ಇಸ್ತ್ರಿಯಮ್ಮನಿಗೆ ಕೆಲಸವಿಲ್ಲ ಎಂದಾಯಿತು.

ಎರಡು ದಿನದ ನಂತರ ಹೆಂಡತಿ ಹೇಳಿದಳು: “ಆಸ್ಪತ್ರೆಗೆ ಗಂಜಿ ಕೊಡೋಕೆ ಹೋಗಿದ್ದೆ. ನೀವು ಬರ್ಬೇಕಂತೆ. ಒಬ್ಬರೇ.”

ಬೆದರಿಸುತ್ತಾಳೆ, ಅಳುತ್ತಾಳೆ, ಏನೋ ಕೇಳುತ್ತಾಳೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಇಸ್ತ್ರಿಯಮ್ಮ ದಿಂಬಿಗೆ ಒರಗಿ ಕೂತಿದ್ದಳು.

“ತಂತಿ ಕಟ್ಟಿದ್ದು ನೀವು. ಬಿಚ್ಚಿದ್ದೂ ನೀವು. ನಾನು ನೋಡಿದ್ದೀನಿ” ಎಂದಳು.

“ಯಾರಿಗೆಲ್ಲ ಹೇಳಿದ್ದೀಯ?” ಅವನ ಬಾಯಿಂದ ಮೊದಲು ಬಂದ ಮಾತು ಅದು. ಆಡಿದ ಮೇಲೆ ಅವನಿಗೇ ಹೇಸಿಗೆಯಾಯಿತು.

“ಯಾರಿಗೂ ಇಲ್ಲ. ತಪ್ಪು ಮಾಡಿದ ಅಣ್ಣನಿಗೆ ಮೊದಲು ಒಬ್ಬನಿಗೇ ಹೇಳು, ಕೇಳದಿದ್ರೆ ಆಮೇಲೆ ನಾಕು ಜನಕ್ಕೆ ಅಂತ ಬೈಬಲ್‌ನಲ್ಲಿ ಇದೆ ಅಲ್ವಾ? ನೀವೇ ಒಂದ್ಸಲ ಓದಿ ಹೇಳಿದ್ದು. ಅವತ್ತು ನಾನು ತೂಕಡಿಸ್ತಿರಲಿಲ್ಲ.” ಅವಳು ನೋವಿಗೆ ಹಲ್ಲು ಕಚ್ಚಿ, ಸುಧಾರಿಸಿಕೊಂಡಳು. “ಮೊನ್ನೆ ಎಲ್ಲರ ಮುಂದೆ ಪ್ರಾರ್ಥನೆ ಬೇಡ ಅಂದಿದ್ದು ಯಾಕೆ ಗೊತ್ತಾ? ತಂತಿ ಬಿಚ್ಚಿದ ಕೈ ನನ್ನ ತಲೆ ಮೇಲೆ ಇಟ್ಟಿದ್ರೆ, ನಾನೂ ನಿಮ್ಮ ನಾಟಕದಲ್ಲಿ ಸೇರ್ದಂಗೆ ಆಗ್ತಿತ್ತು. ಈಗ ನೀವೇ ಹೇಳ್ತೀರೋ, ನಾನು ಹೇಳ್ಲೋ?”

“ನಾನೇ ಹೇಳ್ತೀನಿ.”

“ಭಾನುವಾರದೊಳಗೆ ಹೇಳಿ ಅಣ್ಣ. ನಂಗೆ ಕಾಯೋಕೆ ಕಷ್ಟ ಆಗುತ್ತೆ.”

ಭಾನುವಾರ ಬಂತು. ಪಾದ್ರಿಯವರು ಎಂದಿನಂತೆ ಅವನನ್ನು ಮುಂದೆ ಕರೆದು, “ಇಸ್ತ್ರಿಯಮ್ಮನಿಗೆ ದೇವರು ವಿಶ್ವಾಸ ಕೊಡಲಿ ಅಂತ ಪ್ರಾರ್ಥಿಸಿ” ಎಂದರು. ಎಲ್ಲರೂ ತಲೆ ಬಾಗಿಸಿದರು. ಹಿರಿಯಣ್ಣ ‘ಪರಲೋಕದ ತಂದೆಯೇ’ ಎಂದ, ನಿಂತ. ಮೊದಲ ಸಾಲಿನಲ್ಲಿ ಯಜಮಾನರ ನುಣುಪು ತಲೆ, ಅದರ ಹಿಂದೆ ಅವನನ್ನು ಅಣ್ಣಾ ಅಣ್ಣಾ ಎನ್ನುವ ಅಷ್ಟೂ ತಲೆಗಳು. ಒಂದೇ ಮಾತಿಗೆ ಇವೆಲ್ಲ ಹೋಗುತ್ತವೆ ಎಂದುಕೊಂಡ. ಚಾಚಿದ್ದ ಕೈ ಇಳಿಸಿದ.

“ದೇವರಿಗೆ ಗೊತ್ತಿದೆ, ನಿಮಗೆ ಹೇಳ್ಬೇಕು” ಎಂದ. “ಅವಳು ನಿದ್ದೆ ಮಾಡ್ತಿರಲಿಲ್ಲ. ತಪ್ಪು ನಂದು. ಗಾರ್ಡ್ ಕಟ್ಟಿಹಾಕಿದ್ದು ನಾನು. ಅವಳ ಕೈ ಹೋಗಿದ್ದು ನನ್ನಿಂದ.”

ಅವನ ಬದುಕಿನ ಅತ್ಯಂತ ಗಿಡ್ಡ ಮಾತು ಅದು. ಕಲ್ಲು ಬೀಳುತ್ತದೆಂದು ಅವನು ಹೆಗಲು ಕುಗ್ಗಿಸಿ ನಿಂತ. ಹಿಂದಿನಿಂದ ಒಬ್ಬಳು ಬಿಕ್ಕಿದಳು. ಇನ್ನೊಬ್ಬರು “ಸ್ತೋತ್ರ!” ಎಂದರು. ಪಾದ್ರಿಯವರು ಒದ್ದೆ ಕಣ್ಣಿನಿಂದ ಅವನನ್ನು ತಬ್ಬಿಕೊಂಡರು. “ನೋಡಿ ಸಭೆಯವರೇ! ಇನ್ನೊಬ್ಬರ ತಪ್ಪನ್ನ ತನ್ನ ಹೆಗಲಿಗೆ ಹಾಕ್ಕೊಳ್ಳೋ ಪ್ರೀತಿ ಅಂದ್ರೆ ಇದು!”

“ಇಲ್ಲ ಅಯ್ಯನವರೇ, ನಿಜವಾಗ್ಲೂ ನಾನೇ...”

“ಸಾಕು, ಸಾಕು” ಎಂದು ಅವರು ಬೆನ್ನು ತಟ್ಟಿದರು. ಹೊರಗೆ ಯಜಮಾನರು ಅವನ ಕೈ ಕುಲುಕಿ, “ಬಡವಳ ಕೆಲಸ ಉಳಿಸೋಕೆ ಇಷ್ಟು ಮಾಡಿದ್ರಿ, ದೊಡ್ಡ ಮನಸ್ಸು. ಆದ್ರೆ ವ್ಯವಹಾರ ವ್ಯವಹಾರವೇ” ಎಂದರು.

ಮನೆಗೆ ಬಂದ ಹಿರಿಯಣ್ಣ ಕುರ್ಚಿಯಲ್ಲಿ ಕುಸಿದ. ನಾಚಿಕೆಯಾಗುವ ಮಾತು, ಆದರೂ ಹೇಳಬೇಕು: ಅವನಿಗೆ ಒಳಗೊಳಗೇ ಹಾಯೆನಿಸಿತ್ತು. ನಿಜ ಹೇಳಿದ್ದಾಯಿತು, ನಂಬದಿದ್ದರೆ ಅವನೇನು ಮಾಡಿಯಾನು? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಹೆಸರು ಮೊದಲಿಗಿಂತ ದೊಡ್ಡದಾಗಿತ್ತು.

ಹೆಂಡತಿ ಅವನ ಮುಂದೆ ಊಟದ ತಟ್ಟೆ ಇಟ್ಟು ನಿಂತಳು. “ಅದು ನಿಜ ತಾನೆ?”

“ನಿಜ.”

“ಎಲ್ಲರೂ ಹೊಗಳ್ತಿದ್ರಲ್ಲ. ಯಾಕೆ ತಿದ್ದಲಿಲ್ಲ?”

“ತಿದ್ದಿದೆ. ನೀನೇ ಕೇಳಿಸ್ಕೊಂಡೆಯಲ್ಲ.”

“ಒಂದೇ ಸಲ” ಎಂದಳು ಅವಳು. “ಜನ ನಿಮ್ಮ ಪ್ರಾರ್ಥನೆ ಸಾಕು ಅಂದಾಗ ಯಾವತ್ತಾದ್ರೂ ಒಂದೇ ಸಲಕ್ಕೆ ನಿಲ್ಲಿಸಿದ್ದೀರಾ?”

ಅವನಿಗೆ ತುತ್ತು ಬಿಸಿ ತುಪ್ಪವಾಯಿತು, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಸೋಮವಾರ ಅವನು ಲಾಂಡ್ರಿಗೆ ತಡವಾಗಿ ಹೋದ. ದಾರಿಯಲ್ಲಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೊಕ್ಕು, ಇಂಥಲ್ಲಿ ಇಂಥದ್ದು ನಡೆದಿದೆ, ಮಾಡಿದವನು ನಾನು, ಬಂದು ನೋಡಿ ಎಂದು ಹೇಳಿ ಬಂದಿದ್ದ. ಬಂದವನೇ ಬಟ್ಟೆ ಮಡಿಸುವ ಹೆಂಗಸರನ್ನೆಲ್ಲ ರೋಲರ್ ಹತ್ತಿರ ಕರೆದ. ಯಜಮಾನರೂ ಗದ್ದಲ ಕೇಳಿ ಬಂದರು. ಹಿರಿಯಣ್ಣ ಹೊಸದೊಂದು ತಂತಿ ತೆಗೆದು, ಅಂದು ಬಿಗಿದ ಹಾಗೆಯೇ ಗಾರ್ಡನ್ನು ಬಿಗಿದ. ಸ್ವಿಚ್ಚು ಹಾಕಿದ. ಒದ್ದೆ ಟವೆಲನ್ನು ಕೈಯಷ್ಟು ದಪ್ಪಕ್ಕೆ ಸುತ್ತಿ ಗಾರ್ಡಿಗೆ ಒತ್ತಿ ಒಳಗೆ ತಳ್ಳಿದ. ಯಂತ್ರ ನಿಲ್ಲಲಿಲ್ಲ. ಟವೆಲು ಸರ್ರನೆ ಒಳಗೆ ಹೋಯಿತು, ಹಬೆ ಬುಸ್ಸೆಂದಿತು, ಆ ಕಡೆಯಿಂದ ಹಪ್ಪಳವಾಗಿ ಹೊರಬಂತು.

“ಅವತ್ತು ಇದು ಹೀಗೇ ಇತ್ತು” ಎಂದ. “ಹಿಂಗೆ ಕಟ್ಟಿದ್ರೆ ನಿಲ್ಲೋದಿಲ್ಲ ಅಲ್ವಾ ಅಂತ ಅವಳು ಕೇಳಿದ್ಲು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ನಂಗೆ ಕೂಟಕ್ಕೆ ಹೋಗ್ಬೇಕಿತ್ತು. ಅವಳು ಬಿದ್ದಿದ್ದಾಗ ನಾನು ತಂತಿ ಬಿಚ್ಚಿಕೊಳ್ತಿದ್ದೆ.”

ಮಡಿಸುವವರಲ್ಲಿ ಹಿರಿಯಳಾದ ಅಜ್ಜಿಯೊಬ್ಬಳಿದ್ದಳು. ಮಂಡಿನೋವಿಗೆ ಹಿರಿಯಣ್ಣನ ಕೈಯಲ್ಲಿ ವಾರವಾರ ಪ್ರಾರ್ಥನೆ ಮಾಡಿಸಿಕೊಳ್ಳುತ್ತಿದ್ದವಳು. ಅವಳು ಟವೆಲನ್ನು ಮುಟ್ಟಿ ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

“ಹಂಗಾದ್ರೆ ನಿಜವಾಗ್ಲೂ ನೀನೇನಾ?” ಎಂದಳು. “ಥೂ ನಿನ್ನ! ನಾವು ಅವಳನ್ನ ಬೈಕೊಂಡು ತಿರುಗ್ತಿದ್ವಲ್ಲೋ!”

ಇಷ್ಟು ವರ್ಷ ‘ಅಣ್ಣಾವ್ರೇ’ ಎಂದ ಬಾಯಿ ಅದು. ಹಿರಿಯಣ್ಣ ಅತ್ತುಬಿಟ್ಟ. ಅವಮಾನಕ್ಕೆ ಅತ್ತನೋ, ಕೊನೆಗೂ ಒಬ್ಬರು ನಂಬಿದರೆಂದು ಅತ್ತನೋ, ಅವನಿಗೂ ತಿಳಿಯಲಿಲ್ಲ.

ಯಜಮಾನರು ಅವನನ್ನು ಪಕ್ಕಕ್ಕೆಳೆದು, “ಆಯ್ತು, ಗೊತ್ತಾಯ್ತು, ಇಲ್ಲಿಗೇ ಬಿಡಿ, ಸಭೆಗೂ ಕೆಟ್ಟ ಹೆಸರು” ಎಂದರು. ಮಧ್ಯಾಹ್ನ ಇಲಾಖೆಯವರು ಬಂದರು. ಇಸ್ತ್ರಿಯಮ್ಮನ ಆಸ್ಪತ್ರೆಯ ಖರ್ಚು ಲಾಂಡ್ರಿಯ ಮೇಲೆ ಬಿತ್ತು, ಕೈ ವಾಸಿಯಾದ ಮೇಲೆ ಕೆಲಸ ಕೊಡಲೇಬೇಕೆಂದಾಯಿತು. ಹಿರಿಯಣ್ಣನ ಕೆಲಸ ಹೋಯಿತು, ಅವನ ಮೇಲೆ ಕೇಸೂ ಆಯಿತು. ಸಭೆಯ ಹಿರಿಯತನವನ್ನೂ ತೆಗೆದರು. ತಂತಿ ಬಿಗಿದದ್ದಕ್ಕಲ್ಲ, ಸಭೆಯ ಮರ್ಯಾದೆಯನ್ನು ಬೀದಿಗೆ ತಂದದ್ದಕ್ಕೆ. ಸುಳ್ಳಿನಲ್ಲಿದ್ದಷ್ಟು ದಿನ ಅವನು ಸಂತನಾಗಿದ್ದ!

ಅವನು ಇದನ್ನೆಲ್ಲ ಹೇಳಲು ಆಸ್ಪತ್ರೆಗೆ ಹೋದಾಗ ಇಸ್ತ್ರಿಯಮ್ಮನ ಕೈಯ ಕಟ್ಟು ಬಿಚ್ಚಿದ್ದರು. ಉಳಿದ ಮೂರು ಬೆರಳನ್ನು ಮಡಚಲು ನೋಡುತ್ತ, ಆಗದೆ, ಬೆವರುತ್ತಿದ್ದಳು. ಅವನು ಬಾಗಿಲಲ್ಲೇ ನಿಂತ. ಕೂರಿ ಎಂದು ಅವಳೇನೂ ಹೇಳಲಿಲ್ಲ.

“ನನ್ನ ಕ್ಷಮಿಸ್ತೀಯಾಮ್ಮ?” ಎಂದು ಕೇಳಿದ.

ಅವಳು ಬೆರಳುಗಳನ್ನೇ ನೋಡುತ್ತಿದ್ದಳು. “ನಾನೇ ಹೇಳ್ತೀನಿ ಅಂದ್ರಲ್ಲ, ಅವತ್ತೇ ಕ್ಷಮಿಸ್ದೆ. ಆದ್ರೆ ಇದು ನೋಯೋವಾಗೆಲ್ಲ ಮತ್ತೆ ಮೊದಲಿಂದ ಕ್ಷಮಿಸ್ಬೇಕಾಗುತ್ತೆ ಅಣ್ಣ. ಬೆಳಿಗ್ಗೆಯಿಂದ ಎಷ್ಟೋ ಸಲ ಆಯ್ತು.”

“ಇವತ್ತಿಂದು ಆಯ್ತಾ ಹಂಗಾದ್ರೆ?”

“ಎಲ್ಲಿ? ಇನ್ನೂ ಸಂಜೆ ಇದೆಯಲ್ಲ” ಎಂದು ಅವಳು ಮತ್ತೆ ಬೆರಳು ಮಡಚತೊಡಗಿದಳು.